ಗಿರಣಿ ಅವ್ವ ಮತ್ತು ಕಪ್ಪೆರಾಯನ ನಾಲ್ಕನೇ ಭಾಗ

ಬೆಟಗೇರಿಯ ಸಂತೆಬೀದಿಯಲ್ಲಿ ಒಬ್ಬಾಕೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಹೆಸರು ನೀಲಗಂಗವ್ವ. ಆದರೆ ಆ ಹೆಸರಿನಿಂದ ಕರೆಯುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಎಲ್ಲರಿಗೂ ಅವಳು ಗಿರಣಿ ಅವ್ವ. ಗಿರಣಿಯ ಬೋರ್ಡಿನ ಮೇಲೆ ಮಾವನ ಹೆಸರು, ಮನೆಯ ಬಾಗಿಲ ಮೇಲೆ ಗಂಡನ ಹೆಸರು. ಐವತ್ತೆರಡು ವರ್ಷ ಬಾಳಿದವಳ ಹೆಸರು ಒಂದು ಗೋಡೆಯ ಮೇಲೂ ಇಲ್ಲ ಅಂದರೆ ಬೇಜಾರಾಗುವುದಿಲ್ಲವೇ? ಆಗುತ್ತಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಗಿರಣಿಯ ಎದುರಿಗೇ ದಾವಲಸಾಬನ ಗೇಮ್ ಅಂಗಡಿ. ನಾಲ್ಕು ಟೀವಿ, ನಾಲ್ಕು ಬೆಂಚು, ಮೂಲೆಯಲ್ಲಿ ಒಂದು ನೀರಿನ ಕೊಡ. ಅಲ್ಲಿ ರಾಜ್ಯಭಾರ ಮಾಡುತ್ತಿದ್ದವನು ಕಪ್ಪೆರಾಯ. ತಲೆಗೆ ಕೆಂಪು ರುಮಾಲು ಸುತ್ತಿದ ಕಪ್ಪೆ ಅವನು. ಕಲ್ಲಿನಿಂದ ಕಲ್ಲಿಗೆ, ಮೋಡದಿಂದ ಮೋಡಕ್ಕೆ ಅವನನ್ನು ಜಿಗಿಸುವುದೇ ಆಟ. ಮೂರು ಭಾಗ ಬಂದಿದ್ದವು. ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಭಾಗ ಬಂದ ದಿನ ಅದರ ಮೊದಲ ಹಂತವನ್ನು ಎಲ್ಲರಿಗಿಂತ ಮುಂಚೆ ಯಾರು ದಾಟುತ್ತಾರೋ ಅವರ ಹೆಸರನ್ನು ದಾವಲಸಾಬ ಆಯಿಲ್ ಪೇಂಟಿನಲ್ಲಿ ಅಂಗಡಿಯ ಹೊರಗೋಡೆಗೆ ಬರೆಯುತ್ತಿದ್ದ. ಮೂರು ಹೆಸರು ಆಗಲೇ ಇದ್ದವು. ಮೂರನೆಯದು ಮೊಬೈಲ್ ರಿಪೇರಿಯ ಫಕ್ಕೀರೇಶನದು. ಅವನೋ, ಆ ಗೋಡೆಯ ಮುಂದೆ ನಿಂತೇ ಚಹಾ ಕುಡಿಯುವವನು.

ಒಂದು ಮಧ್ಯಾಹ್ನ ನೀಲಗಂಗವ್ವ ದಾವಲಸಾಬನಿಗೆ ಜೋಳದ ಹಿಟ್ಟು ಕೊಡಲು ಹೋದವಳು ಕಪ್ಪೆಯ ಜಿಗಿತ ನೋಡುತ್ತ ನಿಂತುಬಿಟ್ಟಳು. "ನನಗೂ ಒಮ್ಮೆ ಕೊಡಪಾ, ನೋಡೋಣು" ಅಂದಳು. ಕೊಟ್ಟ. ಕಪ್ಪೆ ಮೊದಲ ಕಲ್ಲಿನಲ್ಲೇ ದಬಕ್ಕನೆ ನೀರಿಗೆ ಬಿತ್ತು. ಬೆಂಚಿನ ಮೇಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವಳೂ ನಕ್ಕಳು. ಮರುದಿನ ಊಟದ ಹೊತ್ತಿಗೆ ಗಿರಣಿ ಬಂದ್ ಮಾಡಿ ಮತ್ತೆ ಬಂದಳು. ಅಂದು ಹಿಡಿದ ಹುಚ್ಚು ಬಿಡಲೇ ಇಲ್ಲ.

ಮೂರನೇ ಭಾಗದ ಕೊನೆಯಲ್ಲಿ ಒಂದು ತೂಗುಸೇತುವೆ ಇತ್ತು. ಕಾಲಿಟ್ಟ ಹಲಗೆ ಕೆಳಗೆ ಕುಸಿಯುತ್ತಿತ್ತು, ಕುಸಿಯುವ ಮೊದಲೇ ಮುಂದಿನದಕ್ಕೆ ಜಿಗಿಯಬೇಕು. ಬಲು ಕಷ್ಟದ ಜಾಗ. ಆದರೆ ಫಕ್ಕೀರೇಶ ಅದಕ್ಕೊಂದು ಉಪಾಯ ಕಂಡುಹಿಡಿದಿದ್ದ. ಸೇತುವೆಯ ಎಡಗಡೆ ಗೋಡೆಯ ಮೂಲೆಗೆ ಬೆನ್ನು ಕೊಟ್ಟು ಮೂರು ಸಲ ಜಿಗಿದರೆ, ಆಟ ಮಾಡಿದವರ ಯಾವುದೋ ಕೈತಪ್ಪಿನಿಂದ ಕಪ್ಪೆ ಗೋಡೆಯೊಳಗೇ ತೂರಿ ಆಚೆ ದಡಕ್ಕೆ ಬೀಳುತ್ತಿತ್ತು. ಅಂದಿನಿಂದ ಇಡೀ ಬೆಟಗೇರಿಗೆ ಅದೇ ರಾಜಮಾರ್ಗ. ಸೇತುವೆಯ ಮೇಲೆ ಕಾಲಿಡುವವರೇ ಇಲ್ಲ!

ನೀಲಗಂಗವ್ವ ಮಾತ್ರ ಒಪ್ಪಲಿಲ್ಲ.

"ಸೇತುವೆ ಐತಿ ಅಂದಮ್ಯಾಲ ದಾಟಾಕ ಐತಿ. ಗೋಡಿಯೊಳಗ ತೂರಾಕ ನಾ ಏನ್ ಇಲಿ ಏನು?"

"ಅವ್ವಾ, ನೀ ಮುದುಕಿ ಆದರೂ ಆ ಸೇತುವೆ ದಾಟಂಗಿಲ್ಲ ತಗಿ" ಎಂದು ಫಕ್ಕೀರೇಶ ನಗುತ್ತಿದ್ದ.

ಅವನ ಮಾತು ಸುಳ್ಳೇನಲ್ಲ. ದಿನಾ ಬೀಳುತ್ತಿದ್ದಳು. ಮೂರನೇ ಹಲಗೆಯಲ್ಲಿ ಬಿದ್ದಳು, ಐದನೆಯದರಲ್ಲಿ ಬಿದ್ದಳು, ದಡಕ್ಕೆ ಒಂದೇ ಹಲಗೆ ಬಾಕಿ ಇದ್ದಾಗಲೂ ಬಿದ್ದಳು. ಉಳಿದವರು ಬಿದ್ದರೆ ಛೇ ಅಂದು ಮೊಬೈಲ್ ತೆಗೆಯುತ್ತಿದ್ದರು. ಇವಳು ಬಿದ್ದ ಮೇಲೂ ಆ ಹಲಗೆಯನ್ನೇ ನೋಡುತ್ತಿದ್ದಳು. ಇದು ಹೇಗೆ ಬಿತ್ತು, ಯಾಕೆ ಬಿತ್ತು, ಆಮೇಲೆ ಏನಾಯಿತು ಅಂತ.

ಹೀಗಿರುವಾಗ ಸುದ್ದಿ ಬಂತು. ಕಪ್ಪೆರಾಯನ ನಾಲ್ಕನೇ ಭಾಗ ಬರುತ್ತದೆ! ಎಂಟು ವರ್ಷ ಕಾದವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫಕ್ಕೀರೇಶ ಅಂಗಡಿಯ ತುಂಬ ಪೇಡೆ ಹಂಚಿದ. ಅರ್ಧ ನಿಮಿಷದ ಟ್ರೇಲರನ್ನು ಇನ್ನೂರು ಸಲ ನೋಡಿದ. ರುಮಾಲಿನ ಬಣ್ಣ ಯಾಕೆ ಬದಲಾಯಿತು, ಹಿಂದೆ ಕಾಣುವ ಗುಡ್ಡದಲ್ಲಿ ಏನಿದೆ, ಎಲ್ಲದಕ್ಕೂ ಅವನ ಹತ್ತಿರ ಉತ್ತರ. ದಿನಾ ವಾದ, ದಿನಾ ಜಗಳ. ಬಿಡುಗಡೆಯ ತಾರೀಕು ಮೂರು ಸಲ ಮುಂದಕ್ಕೆ ಹೋಯಿತು. ಮೂರು ಸಲವೂ ಅವರಿಗೆ ಮನೆಯಲ್ಲಿ ಅನ್ನ ಸೇರಲಿಲ್ಲ. ಇಷ್ಟೆಲ್ಲದರ ನಡುವೆ ಹಳೇ ಆಟ ಮುಟ್ಟುವವರೇ ಇಲ್ಲವಾದರು.

"ಅವ್ವಾ, ಆ ಹಳೇದನ್ನ ಇನ್ನೂ ಯಾಕ ತಿಕ್ಕಾಕತ್ತೀ?" ಎಂದ ಫಕ್ಕೀರೇಶ. "ಹೊಸದು ಬರಾಕತ್ತೈತಿ. ನಾನಂತೂ ಅದನ್ನ ಅರ್ಧ ಆಡಿ ಮುಗಿಸಿದಂಗ. ಗೋಡಿ ಮ್ಯಾಲ ನಂದ ಹೆಸರು ಮತ್ತ, ಬರದ ಇಟ್ಕೋ."

"ಕೂಸು ಹುಟ್ಟೋಕ ಮುಂಚೆ ಕುಲಾವಿ ಹೊಲಿಸಬ್ಯಾಡೋ ತಮ್ಮಾ" ಅಂದಳು ನೀಲಗಂಗವ್ವ. ಅಂದವಳೇ ಕಪ್ಪೆಯನ್ನು ಮತ್ತೆ ಸೇತುವೆಗೆ ಹತ್ತಿಸಿದಳು.

ಒಳಗೊಳಗೆ ಅವಳಿಗೂ ಆಸೆಯೇ. ಆಸೆ ಅಂದರೆ ಸಣ್ಣದಲ್ಲ. ತಾನೇ ಮಾಡಿದ ಒಂದು ಕೆಲಸಕ್ಕೆ ತನ್ನದೇ ಹೆಸರು ಗೋಡೆಯ ಮೇಲೆ ಬರಬೇಕು. ಒಂದೇ ಒಂದು ಸಲ.

ಕೊನೆಗೂ ಆಟ ಬಂತು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿಗೂ ಜನ. ದಾವಲಸಾಬ ಟೀವಿಗೆ ಊದುಬತ್ತಿ ಬೆಳಗಿ ನಿಯಮ ಹೇಳಿದ. "ಒಬ್ಬೊಬ್ಬರಿಗೆ ಮೂರು ಜೀವ. ಮೂರೂ ಹೋದರ ಎದ್ದು ಬಿಡೋದು. ಹೋದ ಸಲ ಗೆದ್ದಾವ ಮೊದಲು."

ಫಕ್ಕೀರೇಶ ತೋಳು ಮಡಚಿ ಕೂತ. ಪರದೆ ಬೆಳಗಿತು. ಅಬ್ಬಾ, ಏನು ಬಣ್ಣ, ಏನು ಸಂಗೀತ! ಜನ ಸಿಳ್ಳೆ ಹೊಡೆದರು. ಕಲ್ಲು, ಮೋಡ ಎಲ್ಲ ಸಲೀಸಾಗಿ ದಾಟಿದ. ಹಂತದ ಕೊನೆಗೆ ಬಂದರೆ ಅಲ್ಲೇನಿದೆ? ತೂಗುಸೇತುವೆ. ಅದೇ ಸೇತುವೆ, ಇನ್ನಷ್ಟು ಉದ್ದ. ಜತೆಗೆ ಎದುರಿನಿಂದ ಬಿಟ್ಟು ಬಿಟ್ಟು ಬೀಸುವ ಗಾಳಿ.

"ಗೋಡಿ ಎಲ್ಲೈತಿ? ಹಾಂ, ಇಲ್ಲೈತಿ!" ಎಂದು ಫಕ್ಕೀರೇಶ ಮೂಲೆಗೆ ಬೆನ್ನು ಕೊಟ್ಟು ಮೂರು ಸಲ ಜಿಗಿದ. ಕಪ್ಪೆರಾಯನ ತಲೆ ಗೋಡೆಗೆ ಟಣ್ಣನೆ ಬಡಿಯಿತು. ಅಷ್ಟೇ ಅಲ್ಲ, ಕಪ್ಪೆ ತಲೆ ಉಜ್ಜಿಕೊಂಡು ತಿರುಗಿ ಆಡುವವನನ್ನೇ ಗುರ್ರೆಂದು ನೋಡಿತು. ಆಟ ಮಾಡಿದವರಿಗೆ ಎಲ್ಲ ಗೊತ್ತಾಗಿಬಿಟ್ಟಿತ್ತು! ಅಂಗಡಿ ಘೊಳ್ಳೆಂದಿತು. ಬೇರೆ ದಾರಿ ಕಾಣದೆ ಅವನು ಸೇತುವೆಗೆ ಕಾಲಿಟ್ಟ. ಮೂರು ಜೀವ ಮೂರು ಹಲಗೆಗೆ ಮುಗಿದವು.

ಆಮೇಲೆ ಕೂತವರದೂ ಅದೇ ಗತಿ. ಸೇತುವೆಯ ಮೇಲೆ ನಿಂತರೆ ಹಲಗೆ ಕುಸಿಯುತ್ತದೆ, ಮುಂದಕ್ಕೆ ಜಿಗಿದರೆ ಗಾಳಿ ಹೊತ್ತೊಯ್ಯುತ್ತದೆ. ಹದಿನಾಲ್ಕು ಮಂದಿ ಬಿದ್ದರು. "ಆಟನ ಕೆಟ್ಟೈತಿ, ಇದನ್ನ ಯಾರೂ ದಾಟಾಕ ಆಗಂಗಿಲ್ಲ" ಎಂದು ಕೂಗಾಟ ಶುರುವಾಯಿತು.

"ಇನ್ನೂ ಒಬ್ಬಾಕಿ ಅದಾಳ" ಎಂದ ದಾವಲಸಾಬ.

ನೀಲಗಂಗವ್ವ ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಗೋಡೆಯ ಮೇಲೆ ಬರಬೇಕಾದ ತನ್ನ ಹೆಸರನ್ನೇ ನೆನೆಯುತ್ತ ಜಿಗಿದಳು, ನಾಲ್ಕನೇ ಹಲಗೆಯಲ್ಲಿ ಗಾಳಿ ಎತ್ತಿ ಒಗೆಯಿತು. ಎರಡನೇ ಸಲ ಅವಸರ ಮಾಡಿದಳು, ಅಲ್ಲೇ ಬಿದ್ದಳು. ಉಳಿದದ್ದು ಒಂದೇ ಜೀವ. ಯಾರೋ ಹಿಂದಿನಿಂದ, "ಎದ್ದೇಳವ್ವಾ, ಜ್ವಾಳ ಬೀಸೋದು ಐತಿ ನೋಡು" ಅಂದರು. ಮತ್ತೆ ನಗು.

ಅವಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಉಸಿರು ಎಳೆದುಕೊಂಡಳು. ಹೆಸರನ್ನು ಮನಸ್ಸಿನಿಂದ ಆಚೆ ಹಾಕಿದಳು. ಸೇತುವೆಯನ್ನಷ್ಟೇ ನೋಡಿದಳು. ಆಗಷ್ಟೇ ಕುಸಿದಿದ್ದ ಹಲಗೆ, ನಾಲ್ಕು ಎಣಿಸುವಷ್ಟರಲ್ಲಿ, ಮೆಲ್ಲಗೆ ಮೇಲೆ ಬರುತ್ತಿತ್ತು. ಅರೆ! ಇದು ಅವಳಿಗೆ ಗೊತ್ತಿದ್ದದ್ದೇ. ಹಳೇ ಸೇತುವೆಯಲ್ಲಿ ಸಾವಿರ ಸಲ ಬಿದ್ದು, ಬಿದ್ದ ಹಲಗೆ ತಿರುಗಿ ಏಳುವುದನ್ನು ಸಾವಿರ ಸಲ ಕಂಡಿದ್ದಳು. ಗೋಡೆಯಲ್ಲಿ ತೂರಿ ಹೋದವರಿಗೆ ಅದು ಎಲ್ಲಿಂದ ಗೊತ್ತಾಗಬೇಕು?

ಮೂರು ಹಲಗೆ ಜಿಗಿದಳು. ಗಾಳಿ ಬಂತು. ಮುಂದೆ ಹೋಗಲಿಲ್ಲ. ಹಿಂದಿನ ಹಲಗೆಗೆ ಜಿಗಿದಳು!

"ಅಯ್ಯ, ಹಿಂದಕ್ಕ ಹೊಂಟಾಳಲ್ಲೋ!" ಎಂದು ಫಕ್ಕೀರೇಶ ಎದ್ದು ನಿಂತ.

ಹಿಂದಿನ ಹಲಗೆ ಆಗಷ್ಟೇ ಮೇಲೆ ಬಂದಿತ್ತು, ಕಪ್ಪೆಯನ್ನು ಹೊತ್ತುಕೊಂಡಿತು. ಅಷ್ಟರಲ್ಲಿ ಗಾಳಿ ನಿಂತಿತು. ಮುಂದಕ್ಕೆ ಮೂರು. ಗಾಳಿ. ಹಿಂದಕ್ಕೆ ಒಂದು. ಮತ್ತೆ ಮುಂದಕ್ಕೆ. ಕೊನೆಯ ಹಲಗೆ ಕಾಲ ಕೆಳಗೆ ಕುಸಿಯಿತು, ಆದರೆ ಕಪ್ಪೆರಾಯ ಅದನ್ನು ಆಗಲೇ ಬಿಟ್ಟಿದ್ದ. ದಡಕ್ಕೆ ಬಂದು ನಿಂತ, ರುಮಾಲು ಬಿಚ್ಚಿ ಗಿರಗಿರನೆ ತಿರುಗಿಸಿದ.

ಮುಂದಿನದನ್ನು ಏನು ಹೇಳಲಿ! ಸಿಳ್ಳೆ, ಕೇಕೆ, ಬೆಂಚು ಬಡಿದ ಸದ್ದು. ಬೀದಿಯ ತರಕಾರಿಯವರು ತಕ್ಕಡಿ ಬಿಟ್ಟು ಓಡಿಬಂದರು. ಫಕ್ಕೀರೇಶ ಮುಖ ಹುಳ್ಳಗೆ ಮಾಡಿಕೊಂಡು ನಿಂತವನು ಆಮೇಲೆ ತಾನೇ ಬಗ್ಗಿ ಅವಳ ಕಾಲು ಮುಟ್ಟಿದ. "ಅವ್ವಾ, ನಾ ಎಂಟು ವರ್ಷ ಬರೇ ಮಾತಾಡಿದೆ. ನೀ ಕಲತಿ" ಅಂದ. ನೀಲಗಂಗವ್ವ ಅವನ ತಲೆ ಸವರಿದಳು. ಅವನ ಕೂದಲಿಗೆಲ್ಲ ಹಿಟ್ಟು ಹತ್ತಿತು.

ದಾವಲಸಾಬ ಪೇಂಟಿನ ಡಬ್ಬಿ, ಬ್ರಷ್ಷು ತಂದು ಗೋಡೆಯ ಮುಂದೆ ಏಣಿ ಹಾಕಿದ. ಬ್ರಷ್ಷು ಎತ್ತಿದ ಕೈ ಅಲ್ಲೇ ನಿಂತಿತು. ನಾಚಿಕೆಯಿಂದ ತಿರುಗಿ ಕೇಳಿದ:

"ಅವ್ವಾ, ತಪ್ಪು ತಿಳ್ಕೋಬ್ಯಾಡ. ನಿನ್ನ ಹೆಸರೇನು?"

ಗುಂಪಿನಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರಿಗೂ ಗೊತ್ತಿರಲಿಲ್ಲ.

ಅವಳು ಕಣ್ಣೊರೆಸಿಕೊಂಡಳು. ಎದೆ ಸೆಟೆಸಿ ನಿಂತು, ಗಿರಣಿಯ ಸದ್ದಿನಲ್ಲೂ ಕೇಳುವಂಥ ದನಿಯಲ್ಲಿ ಹೇಳಿದಳು:

"ನೀಲಗಂಗವ್ವ! ದೊಡ್ಡ ಅಕ್ಷರದಾಗ ಬರಿಯಪಾ ದಾವಲಸಾಬ. ಸಂತಿಗೆ ಬರೋ ಮಂದಿಗೆಲ್ಲ ಕಾಣಬೇಕು."

ನೀತಿ: ಹೊಸದು ಬರಲಿ ಎಂದು ಆಸೆಪಡುವುದು ತಪ್ಪಲ್ಲ. ಆದರೆ ಕಾಯುವ ದಿನಗಳನ್ನು ಬರೀ ಮಾತಿನಲ್ಲಿ ಕಳೆಯಬೇಡಿ. ಕಳ್ಳದಾರಿ ಒಂದು ಸಲ ದಾಟಿಸೀತು, ಏನನ್ನೂ ಕಲಿಸದು. ಕೈಲಿರುವ ಹಳೆಯದರಲ್ಲೇ ಬಿದ್ದು, ಯಾಕೆ ಬಿದ್ದೆ ಎಂದು ನೋಡಿ ಎದ್ದವರಿಗೆ, ಬರುವ ಹೊಸದು ತಾನಾಗಿ ದಾರಿ ಬಿಡುತ್ತದೆ.