ಕಾವು ಮರೆತ ಚೆಲುವಿ

ಮಕ್ಕಳೇ, ಒಂದು ಮುದಿ ಹಕ್ಕಿ ತನ್ನ ಮೊಟ್ಟೆಯ ಮೇಲೆ ಕಾವಿಗೆ ಕೂತಿತು. ಅದನ್ನು ಕಂಡ ಪಕ್ಕದ ಹಕ್ಕಿ ಏನು ಮಾಡಿರಬಹುದು, ಊಹಿಸಿ ನೋಡೋಣ. ನೀರು ತಂದುಕೊಟ್ಟಿತು ಅನ್ನುತ್ತೀರಾ? ಕಾವಲು ನಿಂತಿತು ಅನ್ನುತ್ತೀರಾ? ಎರಡೂ ಅಲ್ಲ. ಚಾಡಿ ಹೇಳಿತು. ಯಾಕೆ ಅಂತ ಹೇಳುತ್ತೇನೆ, ಹತ್ತಿರ ಬಂದು ಕೂತುಕೊಳ್ಳಿ.

ಕರಿಮಣ್ಣಿನ ಬಯಲಿನಲ್ಲಿ ಒಂದು ಉಷ್ಟ್ರಪಕ್ಷಿ ಫಾರಂ ಇತ್ತು. ಸುತ್ತ ತಂತಿಬೇಲಿ, ಒಳಗೆ ಆಳಿಗಿಂತ ಎತ್ತರದ ಹಕ್ಕಿಗಳು, ತೆಂಗಿನಕಾಯಿ ಗಾತ್ರದ ಮೊಟ್ಟೆಗಳು. ಇಟ್ಟ ಮೊಟ್ಟೆಯನ್ನು ಆಳುಗಳು ಎತ್ತಿಕೊಂಡು ಹೋಗಿ ಕರೆಂಟಿನ ಕಾವುಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಮರಿಗಳು ಅಲ್ಲೇ ಹೊರಬಂದು, ಗೋಡೆಯ ಆಚೆ ಬೆಳೆಯುತ್ತಿದ್ದವು.

ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸಿಬಿಡುತ್ತದೆ. ಕೋಳಿ ಸಾಕಿದ ಯಾರನ್ನಾದರೂ ಕೇಳಿ, ಗೊತ್ತಿರುತ್ತದೆ. ಯಜಮಾನರಿಗೆ ಅದು ಆಗದು. ಅದಕ್ಕೇ ಅವರು ತಲೆಮಾರಿನಿಂದ ತಲೆಮಾರಿಗೆ ಆರಿಸುತ್ತಾ ಬಂದರು. ಮೊಟ್ಟೆಯಿಟ್ಟು ತಿರುಗಿಯೂ ನೋಡದೆ ಮೇವಿಗೆ ಹೋಗುವ ಹೆಣ್ಣುಗಳ ಕಾಲಿಗೆ ಹಳದಿ ಬಳೆ ತೊಡಿಸಿ, ಅವುಗಳಿಂದಲೇ ಸಂತತಿ ಬೆಳೆಸಿದರು. ಕೂರುವ ಹೆಣ್ಣುಗಳನ್ನು ಲಾರಿ ಹತ್ತಿಸಿದರು. ಲಾರಿ ಎಲ್ಲಿಗೆ ಹೋಗುತ್ತದೆಂದು ಹೋದವರು ಬಂದು ಹೇಳಿದ್ದಿಲ್ಲ.

ಚೆಲುವಿಯ ಅಜ್ಜಿಗೂ ಬಳೆ, ಅಮ್ಮನಿಗೂ ಬಳೆ, ಈಗ ಅವಳಿಗೂ ಬಳೆ. ಆ ಬಳೆಯ ಜಂಬ ಅವಳ ಕತ್ತಿಗಿಂತ ಉದ್ದವಾಗಿತ್ತು.

ಬೂದಜ್ಜಿ ಮಾತ್ರ ಬೇರೆ ಕಡೆಯಿಂದ ಕೊಂಡು ತಂದ ಹಕ್ಕಿ. ಅವಳು ಜಾಲಿ ಪೊದೆಯ ಮರೆಯಲ್ಲಿ ಮಣ್ಣು ಕೆದರಿ, ಗುಂಡಿ ಮಾಡಿ, ಒಂದು ಮೊಟ್ಟೆ ಬಚ್ಚಿಟ್ಟು ಕೂತಿದ್ದಳು.

"ಏನಜ್ಜಿ, ಸೊಂಟ ಹಿಡಿಯಿತೇ?" ಅಂದಳು ಚೆಲುವಿ.

"ಮೆಲ್ಲಗೆ ಮಾತಾಡು ಮಗಳೇ, ಕಾವಿಗೆ ಕೂತಿದ್ದೇನೆ. ನೀನೂ ಪಕ್ಕದಲ್ಲಿ ಕೂತು ಕಲಿತುಕೋ."

"ಅದಕ್ಕೆ ಪೆಟ್ಟಿಗೆ ಇದೆಯಲ್ಲ. ಪೆಟ್ಟಿಗೆಯ ಕೆಲಸ ನಾನ್ಯಾಕೆ ಕಲಿಯಲಿ? ನನ್ನ ಕಾಲು ನೋಡಿದೆಯಾ?"

"ಕಾಲು ನೋಡಿದೆ. ನಿನ್ನ ಮರಿಯ ಮುಖ ನೀನು ನೋಡಿದ್ದೀಯಾ?"

ಚೆಲುವಿಗೆ ಮುಳ್ಳು ಚುಚ್ಚಿದಂತಾಯಿತು. ಅವಳು ನೋಡಿರಲಿಲ್ಲ. ಉತ್ತರ ಇಲ್ಲದವರಿಗೆ ಸಿಟ್ಟು ಬೇಗ ಬರುತ್ತದೆ, ನೋಡಿ. ಯಜಮಾನರು ಆ ಕಡೆ ಬಂದಾಗ ಅವಳು ರೆಕ್ಕೆ ಬಡಿದು, ಪೊದೆಯ ಕಡೆಗೆ ಕತ್ತು ಚಾಚಿ ತೋರಿಸಿಬಿಟ್ಟಳು.

ಮೊಟ್ಟೆ ಪೆಟ್ಟಿಗೆಗೆ ಹೋಯಿತು. ಬೂದಜ್ಜಿ ಲಾರಿಗೆ ಹೋದಳು. ಹತ್ತುವ ಮುಂಚೆ ಒಮ್ಮೆ ತಿರುಗಿ, "ಆ ಗುಂಡಿ ಮುಚ್ಚಬೇಡ ಚೆಲುವಿ, ಬೇಕಾದೀತು," ಅಂದಳು. ಚೆಲುವಿ ಕೇಳಿಸದವಳಂತೆ ಮೇವು ಹೆಕ್ಕಿದಳು.

ಚಳಿ ಬಿತ್ತು. ಒಂದು ದಿನ ಆಳುಗಳೆಲ್ಲ ರಜೆ ಹಾಕಿ ಹೋಗಿದ್ದರು. ಅವತ್ತೇ ಕರೆಂಟು ಹೋಯಿತು. ಜನರೇಟರನ್ನು ನೋಡಿಕೊಳ್ಳುವವನೂ ಇರಲಿಲ್ಲ. ಪೆಟ್ಟಿಗೆ ತಣ್ಣಗಾಯಿತು. ಯಜಮಾನರು ಓಡೋಡಿ ಬಂದು, ಮೊಟ್ಟೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು, ಬಳೆ ತೊಟ್ಟ ಹೆಣ್ಣುಗಳ ಮುಂದೆ ಇಟ್ಟರು.

"ಯಾವುದಾದರೂ ಕೂತ್ಕೊಳ್ರಮ್ಮಾ," ಅಂದರು.

ಒಂದೂ ಕೂರಲಿಲ್ಲ. ಮೂಸಿ ನೋಡಿ, ಮೇವಿನ ಕಡೆ ನಡೆದವು.

ಚೆಲುವಿಯೂ ಹೊರಟಿದ್ದಳು. ಆಗ ಒಂದು ಮೊಟ್ಟೆಯೊಳಗಿಂದ "ಚೀಂವ್" ಅನ್ನುವ ದನಿ ಬಂತು. ಅವಳ ಕಾಲು ನಿಂತುಬಿಟ್ಟಿತು. ಅದು ತನ್ನದೇ ಮೊಟ್ಟೆ ಎಂದು ಹೇಗೆ ತಿಳಿಯಿತೋ, ತಿಳಿಯಿತು. ಅದನ್ನು ಕೊಕ್ಕಿನಿಂದ ಉರುಳಿಸುತ್ತಾ ಬೂದಜ್ಜಿಯ ಗುಂಡಿಗೆ ಒಯ್ದು, ಮೇಲೆ ಕೂತಳು.

ಕೂತಳು, ಆದರೆ ಕೂರಲು ಆಗಲಿಲ್ಲ. ಯಾರೋ ಒಳಗಿನಿಂದ ಎಬ್ಬಿಸಿದಂತೆ ಎದ್ದಳು. ಮತ್ತೆ ಕೂತಳು, ಮತ್ತೆ ಎದ್ದಳು. ಅಜ್ಜಿಯ ಕಾಲದಿಂದ ಆರಿಸಿ ಆರಿಸಿ ತೆಗೆದುಹಾಕಿದ ಗುಣ ಕರೆದ ತಕ್ಷಣ ಬಂದೀತೇ?

ಬೇಲಿಯಾಚೆ ಬರಿನೆಲದಲ್ಲಿ ತನ್ನ ಮೊಟ್ಟೆ ಕಾಯುತ್ತಿದ್ದ ಟಿಟ್ಟಿಭ ಹಕ್ಕಿ ಕೂಗಿ ಹೇಳಿತು, "ಎದೆಯ ಗರಿ ಬಿಡಿಸಿ ಕೂರು ಅಕ್ಕಾ. ಏಳಬೇಡ, ಏಳಬೇಡ."

"ನನ್ನ ಕಾಲು ನನ್ನ ಮಾತು ಕೇಳುತ್ತಿಲ್ಲ. ನೀನೇ ಬಂದು ಕೂರು ತಂಗಿ, ನಿನ್ನ ಕಾಲಿಗೆ ಬೀಳುತ್ತೇನೆ."

"ನಿನ್ನ ಮೊಟ್ಟೆಯ ಮೇಲೆ ನಾನು ಕೂತರೆ ಬಂಡೆಯ ಮೇಲೆ ನೊಣ ಕೂತಂತೆ. ನಿಮ್ಮಲ್ಲಿ ಒಬ್ಬ ಅಜ್ಜಿ ಇದ್ದಳಲ್ಲ, ಅವಳನ್ನು ಕರಿ."

ಚೆಲುವಿ ಮೊಟ್ಟೆಗೆ ಕಿವಿಯಿಟ್ಟಳು. ಚೀಂವ್ ಎನ್ನುವ ದನಿ ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಆಮೇಲೆ ಕೇಳಿಸಲಿಲ್ಲ. ಆಗ ಅವಳು ಕೂತಳು. ಈ ಸಲ ಏಳಲಿಲ್ಲ. ಸಂಜೆಯವರೆಗೂ ಲಾರಿ ಹೋದ ದಾರಿಯನ್ನೇ ನೋಡುತ್ತಾ, ತಣ್ಣಗಿನ ಮೊಟ್ಟೆಯ ಮೇಲೆ ಕೂತೇ ಇದ್ದಳು.

ಬೇಲಿಯಾಚೆಯ ಹೊಲಗಳಲ್ಲಿ ಆಳುಗಳು ಹೆಂಡತಿ ಮಕ್ಕಳೊಂದಿಗೆ ಪೈರು ಹೊತ್ತ ಬಸುರಿ ಭೂತಾಯಿಗೆ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲಿ, ಸಜ್ಜೆ ರೊಟ್ಟಿ ಉಣ್ಣುತ್ತಿದ್ದರು. ಅವತ್ತು ಸೋಮವಾರ, ಎಳ್ಳಮಾವಾಸ್ಯೆ.

ನೀತಿ: ಹೊಗಳಿಕೆಯ ಬಳೆಗೆ ಮರುಳಾಗಿ ಕಾವು ಬಲ್ಲವರನ್ನು ಹೊರಗೆ ಕಳಿಸಿದರೆ, ಕಾವು ಬೇಕಾದ ದಿನ ಕರೆಯಲು ಯಾರೂ ಉಳಿದಿರುವುದಿಲ್ಲ.