ಗೀಸರ್ ಹಿಡಿದುಕೊಟ್ಟ ಅಪರಾಧಿ

ಆ ಊರಿನಲ್ಲಿ ತಿಂಗಳಿಗೆ ನೂರು ಯೂನಿಟ್ ಕರೆಂಟು ದಾಟಿದರೆ, ದಾಟಿದ್ದಕ್ಕೆಲ್ಲ ದುಪ್ಪಟ್ಟು ದರ. ತಿಂಗಳ ಕೊನೆಗೆ ಮೀಟರು ನೂರು ದಾಟಿದ ಗಳಿಗೆಯಲ್ಲಿ ದೇವರ ಮನೆಯ ಪುಟ್ಟ ಬಲ್ಬೊಂದೇ ಉರಿಯುತ್ತಿತ್ತು.

"ಸಿಕ್ಕಿಬಿದ್ದೆಯಲ್ಲೋ!" ಎಂದು ಗೀಸರ್ ಗುಡುಗಿತು. "ನಾನು ಬಳಸಿದ್ದೆಲ್ಲ ಅಗ್ಗದ ಯೂನಿಟ್ಟು. ದುಬಾರಿಯದನ್ನು ತಿಂದವನು ನೀನು. ನಿನ್ನನ್ನು ಕಿತ್ತರೆ ಬಿಲ್ಲು ಇಳಿಯುತ್ತದೆ."

"ಅಣ್ಣಾ, ಅಗ್ಗದ್ದನ್ನೆಲ್ಲ ನೀವೇ ಮುಗಿಸಿದಿರಿ. ನನಗೆ ಉಳಿದದ್ದೇ ದುಬಾರಿಯದು" ಎಂದಿತು ಬಲ್ಬು.

ಯಜಮಾನ ವಾಸಪ್ಪನವರು ಗೀಸರಿನ ಮಾತಿಗೆ ತಲೆದೂಗಿ ಬಲ್ಬನ್ನು ಕಿತ್ತರು. ಉಳಿತಾಯದ ಖುಷಿಗೆ ದಿನಾ ಎರಡು ಬಕೆಟ್ ಬಿಸಿನೀರು ಹೆಚ್ಚಿಗೆ ಸುರಿದುಕೊಂಡರು.

ಮರುತಿಂಗಳು ಮೀಟರು ಇನ್ನೂ ಬೇಗ ನೂರು ದಾಟಿತು. ಸರಿಯಾಗಿ ಆಗಲೇ ಹಾಲಿನವನು ಕಾಲಿಂಗ್ ಬೆಲ್ ಒತ್ತಿದ.

"ಇವನೇ ನೋಡಿ ಸ್ವಾಮೀ!" ಎಂದು ಗೀಸರ್ ಬೆಲ್ಲಿನ ಮೇಲೆ ಹರಿಹಾಯಿತು.

ವಾಸಪ್ಪನವರು ಸ್ಕ್ರೂಡ್ರೈವರ್ ಹುಡುಕಲು ಎದ್ದರು.