ಹೇಳಿದವನು ಕದಲದ ಮಾತು

"ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರ ಮೂರು ಒಗಟು, ಮೂರಕ್ಕೂ ಒಂದೇ ಉತ್ತರ! ಹೇಳಿದವರಿಗೆ ಅರ್ಧ ರಾಜ್ಯ, ತಪ್ಪಿದವರಿಗೆ ತಲೆದಂಡ!"

ಹಿರೇಕಣಿವೆ ಸಂಸ್ಥಾನದ ಬೀದಿಗಳಲ್ಲಿ ಹೀಗೆ ಡಂಗುರ ಹೊಯ್ದಾಗ ಬಳೆಗಾರ ಸಿಂಗ್ರಿ ಚರಂಡಿಯ ಪಕ್ಕ ಕೂತಿದ್ದ. ಅಪ್ಪನ ಕಾಲದಿಂದಲೂ ಅವನ ಜಾಗ ಅರಮನೆ ಬಾಗಿಲ ಎದುರು. ಮದುವೆ ಚಪ್ಪರಕ್ಕೆಂದು ದಿವಾನರು ಎಬ್ಬಿಸಿ ಇಲ್ಲಿಗೆ ಅಟ್ಟಿದ್ದರು. ಒಂದು ಕೈಯಲ್ಲಿ ಮೂಗು ಮುಚ್ಚಿಕೊಂಡು ಇನ್ನೊಂದು ಕೈಗೆ ಯಾವ ಹೆಂಗಸು ಬಳೆ ತೊಡಿಸಿಕೊಂಡಾಳು?

ಮದುವೆ ದೊರೆಯ ಮಗಳು ಅಮ್ಮಣ್ಣಿಯದೇ. ವರ, ಮೂವರು ಹೆಂಡಿರನ್ನು ಮಣ್ಣು ಮಾಡಿದ ಪಕ್ಕದ ಸಂಸ್ಥಾನದ ಮುದಿ ದೊರೆ. ಅವಳು ಒಲ್ಲೆನೆಂದಾಗ ಅಪ್ಪ, ಸೋದರತ್ತೆ, ದಿವಾನ ಎಲ್ಲರೂ ಒಂದೇ ಮಾತು ಹೇಳಿದರು. ಆ ಮಾತನ್ನೇ ಅವಳು ಒಗಟು ಮಾಡಿದಳು. ನವರಾತ್ರಿಯೊಳಗೆ ಯಾರಾದರೂ ಬಿಡಿಸಿದರೆ ಮದುವೆ ರದ್ದು, ಇಲ್ಲವಾದರೆ ತಾಳಿಗೆ ಕೊರಳೊಡ್ಡುವೆ ಎಂದಳು. ಬಹುಮಾನಕ್ಕೂ ಅವಳಪ್ಪ ದೊರೆ ಒಪ್ಪಿದ. ಕೊಡುವ ಪ್ರಮೇಯ ಬಾರದಿರಲೆಂದು ತಲೆದಂಡ ಸೇರಿಸಿದವನೂ ಅವನೇ.

ಸಭೆ ಸೇರಿತು. ಸಿಂಗ್ರಿ ಗುಂಪಿನ ಹಿಂದೆ ನಿಂತ.

"ಹೇಳುವವನಿಗೆ ಹಗುರ, ಕೇಳುವವನಿಗೆ ಭಾರ. ಹೇಳಿದವನು ಕದಲುವುದಿಲ್ಲ, ಕೇಳಿದವನು ಸರಿಯುತ್ತಾನೆ. ಏನದು?" ಎಂದಳು ಅಮ್ಮಣ್ಣಿ.

ಪಾಳೆಯಗಾರನ ಮಗ ಮೀಸೆ ತಿರುವಿದ. "ರಾಜಾಜ್ಞೆ!"

"ಆಜ್ಞೆ ಮಾಡುವವನು ಆಜ್ಞೆ ಅಂತಲೇ ಒಪ್ಪಿಕೊಳ್ತಾನೆ. ಇದು ಬೇಡಿಕೆಯ ವೇಷದಲ್ಲಿ ಬರುತ್ತೆ."

ಅವನನ್ನು ಸೆರೆಮನೆಗೆ ಎಳೆದೊಯ್ದರು. ಹಬ್ಬ ಕಳೆದ ಮೇಲೆ ತಲೆ.

"ಎರಡನೆಯದು. ಗಡಿಯಾರಕ್ಕೆ, ತಕ್ಕಡಿಗೆ ಮಾಡಿದರೆ ಅವು ನೆಟ್ಟಗಾಗುತ್ತವೆ. ಮನುಷ್ಯರಿಂದ ಮಾಡಿಸಿದರೆ ಬೆನ್ನು ಬಾಗುತ್ತದೆ."

"ಎಣ್ಣೆ ಹಚ್ಚೋದು!" ಎಂದ ರತ್ನದ ವ್ಯಾಪಾರಿಯ ಮಗ.

"ಎಣ್ಣೆ ಹಚ್ಚಿದರೆ ಬೆನ್ನು ಬಾಗುತ್ತೇನಯ್ಯ?" ಸಭೆ ನಕ್ಕಿತು. ಅವನೂ ಸೆರೆಮನೆ ಸೇರಿದ.

"ಮೂರನೆಯದು. ಹುಟ್ಟಿದೂರಲ್ಲಿ ಹತ್ತಿರ ಬಾ ಎನ್ನುತ್ತಿತ್ತು. ದಾರಿಯಲ್ಲಿ ನ್ಯಾಯದ ಅಂಗಿ ತೊಟ್ಟಿತು. ನಮ್ಮೂರಿಗೆ ಬಂದು ಆಚೆ ಸರಿ ಎನ್ನುತ್ತಿದೆ."

ಆಚೆ ಸರಿ ಎಂಬುದು ಕಿವಿಗೆ ಬಿದ್ದದ್ದೇ ಸಿಂಗ್ರಿಗೆ ಚರಂಡಿಯ ನಾತ ಮೂಗಿಗೆ ಬಡಿದಂತಾಯಿತು. ತಲೆ ಹೋದೀತೆಂಬುದನ್ನೂ ಮರೆತು ಮುನ್ನುಗ್ಗಿದ.

"ಅಡ್ಜಸ್ಟ್, ಅಮ್ಮಣ್ಣಿ! ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಅಂತಲೇ ನನ್ನ ಜಾಗ ಕಿತ್ಕೊಂಡ್ರು. ಬಿಗಿ ಬಳೆ ಏರಿಸೋವಾಗ ನಾವೂ ಹಂಗೇ ಅಂತೀವಿ. ನೋಯೋದು ಕೈಗೆ, ಬಳೆಗಲ್ಲ."

ದಿವಾನರು ಧಡಕ್ಕನೆ ಎದ್ದರು. "ಅದು ಇಂಗ್ಲಿಷ್ ಪದ. ಒಗಟಿಗೆ ಸಲ್ಲದು!"

"ನನ್ನ ಎಬ್ಬಿಸೋವಾಗ ಸಲ್ತಿತ್ತಲ್ಲ ಬುದ್ಧಿ?"

"ಉತ್ತರ ಅದೇ," ಎಂದಳು ಅಮ್ಮಣ್ಣಿ. "ಇಂಗ್ಲಿಷ್ ಕಲಿಸುವ ಮೇಡಂ ಹೇಳಿದ್ದರು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ 'ಪಕ್ಕದಲ್ಲಿ' ಎನ್ನುವ ಮಾತಿನಿಂದ ಹುಟ್ಟಿ, ಹತ್ತಿರ ತಂದು ಕೂಡಿಸು ಎಂಬ ಅರ್ಥ ಪಡೆಯಿತಂತೆ. ಆಮೇಲೆ ಜನ ಅದಕ್ಕೆ 'ಜಸ್ಟ್', ಅಂದರೆ ನ್ಯಾಯ ಎನ್ನುವ ಪದದ ನಂಟು ಹಚ್ಚಿದರು. ಇಂಗ್ಲಿಷರಲ್ಲಿ ಗಡಿಯಾರದ ಮುಳ್ಳು ಸರಿಪಡಿಸುವುದಕ್ಕೂ ಅದೇ ಮಾತು. ನಮ್ಮಲ್ಲಿ? ಬಲವಿದ್ದವನು ಹೇಳುವುದು, ಇಲ್ಲದವರು ನುಂಗುವುದು. ನನಗೂ ಹೇಳಿದ್ದು ಅದನ್ನೇ."

ದೊರೆ ಗಂಟಲು ಸರಿಮಾಡಿಕೊಂಡ. "ಭೇಷ್! ಆದರೆ ನೋಡಪ್ಪ, ಅರ್ಧ ರಾಜ್ಯ ಅಂದರೆ ಗಡಿ ತಂಟೆ, ತಲೆನೋವು. ಒಂದು ಹಳ್ಳಿ ಕೊಡ್ತೀನಿ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ."

ಸಿಂಗ್ರಿ ಇನ್ನೊಂದು ಹೆಜ್ಜೆ ಮುಂದಿಟ್ಟ. "ನಾನು ಪಣಕ್ಕಿಟ್ಟಿದ್ದು ಇಡೀ ತಲೆ, ಬುದ್ಧಿ. ಅರ್ಧ ತಲೆ ಇಡ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ ಅಂದಿದ್ರೆ ತಾವು ಒಪ್ತಿದ್ರಾ?"

ಜನ ಹೋ ಎಂದರು. ಕಾವಲುಗಾರರೂ ಹೋ ಎಂದದ್ದು ಕಂಡು ದೊರೆ ರಾಜಮುದ್ರೆ ತರಿಸಿದ.

ಚಪ್ಪರ ಕಿತ್ತರು. ಸೆರೆಮನೆ ಸಿಂಗ್ರಿಯ ಪಾಲಿಗೆ ಬಂದದ್ದರಿಂದ ಒಳಗಿದ್ದ ಇಬ್ಬರೂ ತಲೆ ಉಳಿಸಿಕೊಂಡು ಊರಿಗೆ ಹೋದರು. ಅಮ್ಮಣ್ಣಿ ಸಿಂಗ್ರಿಯ ಕೈ ಹಿಡಿದಳೇ ಎಂದು ಕೇಳುವವರಿದ್ದಾರೆ. ಡಂಗುರದಲ್ಲಿ ಆ ಮಾತಿರಲಿಲ್ಲ. ಅವನು ಕೇಳಲೂ ಇಲ್ಲ.